ರೆಕಾರ್ಡಿನ ಹಿಂದಿನ ಸಣ್ಣಕ್ಷರ

ನಾನು ಹುಡುಕಿಕೊಂಡು ಹೋಗಿದ್ದು ಪಿ. ಕಾಳಿಂಗರಾಯರ ಭಾವಗೀತೆಗಳನ್ನು. ಮನೆಗೆ ಹೊತ್ತು ತಂದದ್ದು ಬೆನ್ನಿ ಗುಡ್‌ಮನ್‌ನನ್ನು.

ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಆಗ ಒಂದೂವರೆ ವರ್ಷ ಆಗಿತ್ತು. ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬೆಳಿಗ್ಗೆ ಸಂದರ್ಶನಗಳಿಗೆ ಅಲೆಯುವುದು, ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುವುದು, ಇಷ್ಟೇ ದಿನಚರಿ. ಪೀಣ್ಯ, ಜಿಗಣಿ, ಬೊಮ್ಮಸಂದ್ರ ಎಲ್ಲ ಕಡೆಯೂ ಒಂದೇ ಪ್ರಶ್ನೆ: ‘ಎಷ್ಟು ವರ್ಷ ಅನುಭವ?’ ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು ಎಂದು ಹೇಳಬೇಕೆನಿಸುತ್ತಿತ್ತು. ಹೇಳುತ್ತಿರಲಿಲ್ಲ. ‘ಫ್ರೆಶರ್ ಸರ್’ ಅಂದು ಫೈಲು ಮಡಚಿಕೊಂಡು ಬಸ್ ಹತ್ತುತ್ತಿದ್ದೆ.

ಆ ದಿನಗಳಲ್ಲೇ ಚಿಕ್ಕಪ್ಪ ಅಟ್ಟದಿಂದ ಹಳೆಯ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಇಳಿಸಿದರು. ಪುಟ್ಟ ಸೂಟ್‌ಕೇಸಿನಂಥ ಪೆಟ್ಟಿಗೆ. ಎಸ್‌.ಪಿ. ರಸ್ತೆಯಲ್ಲಿ ರಿಪೇರಿ ಮಾಡಿಸಿ, ಹೊಸ ಮುಳ್ಳು ಹಾಕಿಸಿ, ‘ಕಾಳಿಂಗರಾಯರ ಪ್ಲೇಟು ಸಿಗುತ್ತಾ ನೋಡೋಣ ಬಾ’ ಎಂದು ಭಾನುವಾರ ನನ್ನನ್ನು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಕರೆದುಕೊಂಡು ಹೋದರು. ಅಲ್ಲಿನ ಸಂಡೆ ಬಜಾರ್ ನಿಮಗೂ ಗೊತ್ತಿರಬಹುದು. ಅಂಗಡಿಗಳ ಬಾಗಿಲು ಮುಚ್ಚಿರುವ ದಿನ ಫುಟ್‌ಪಾತಿನ ಮೇಲೆ ಇನ್ನೊಂದು ಪೇಟೆ ತೆರೆದುಕೊಳ್ಳುತ್ತದೆ. ಸ್ಪ್ಯಾನರ್, ಚಾರ್ಜರ್, ಒಂಟಿ ಬೂಟು, ಗೋಡೆ ಗಡಿಯಾರ, ಅದರ ಪಕ್ಕದಲ್ಲಿ ಗೋಣಿಚೀಲದ ಮೇಲೆ ರೆಕಾರ್ಡುಗಳು.

ಕಾಳಿಂಗರಾಯರದ್ದು ಒಂದಿತ್ತು. ಬೆಲೆ ಕೇಳಿ ಚಿಕ್ಕಪ್ಪ ಹಿಂದೆ ಸರಿದರು. ರೆಕಾರ್ಡು ಮಾರುವ ಚಾಚಾ ನನ್ನ ಮುಖ ನೋಡಿ ಬೇರೊಂದು ಕಟ್ಟು ತಳ್ಳಿದರು. ‘ಇದ್ ತಗೊಳಮ್ಮಾ. ಇಂಗ್ಲಿಷ್ ಬ್ಯಾಂಡು. ಯಾರೂ ಕೇಳಲ್ಲ. ಎಲ್ಲಾ ಸೇರಿ ಐನೂರು ಕೊಡು.’ ಐದು ಎಲ್‌ಪಿ, ಎರಡು ದಪ್ಪನೆಯ 78ರ ಪ್ಲೇಟು. ಕಂಟೋನ್ಮೆಂಟ್ ಕಡೆಯ ಯಾವುದೋ ಹಳೇ ಮನೆ ಖಾಲಿ ಮಾಡಿದಾಗ ಬಂದದ್ದಂತೆ. ಮುನ್ನೂರೈವತ್ತಕ್ಕೆ ಇಳಿಸಿದೆ. ಒಂದು ವಾರದ ಬಸ್ ಖರ್ಚಿನ ದುಡ್ಡು ಅದು. ಚಿಕ್ಕಮ್ಮ ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವತ್ತು ರಾತ್ರಿ ಗುಡ್‌ಮನ್ ಹೆಸರಿದ್ದ ಎಲ್‌ಪಿ ಹಾಕಿದೆ. ಮೊದಲು ಕೇಳಿದ್ದು ಚರಚರ ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆಮೇಲೆ ಟ್ರಂಪೆಟ್. ನನಗೆ ತಟ್ಟನೆ ನೆನಪಾದದ್ದು ನಮ್ಮೂರು ಚನ್ನಪಟ್ಟಣದ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್! ಅದೇ ಕ್ಲಾರಿನೆಟ್, ಅದೇ ಹಿತ್ತಾಳೆ. ಆದರೆ ಇಲ್ಲಿ ಎಲ್ಲರೂ ಒಂದೇ ರಾಗವನ್ನು ಒಟ್ಟಿಗೆ ಊದುತ್ತಿರಲಿಲ್ಲ. ಒಂದು ಕಡೆ ಟ್ರಂಪೆಟ್, ಟ್ರಾಂಬೋನುಗಳ ಗುಂಪು. ಇನ್ನೊಂದು ಕಡೆ ಸ್ಯಾಕ್ಸೊಫೋನುಗಳ ಗುಂಪು. ಇವರು ಕೇಳುತ್ತಾರೆ, ಅವರು ಉತ್ತರ ಹೇಳುತ್ತಾರೆ. ಸೋಬಾನೆಯಲ್ಲಿ ಹೆಣ್ಣಿನ ಕಡೆಯವರು ಒಂದು ಸೊಲ್ಲು ಎತ್ತಿದರೆ ಗಂಡಿನ ಕಡೆಯವರು ಬಿಡದೆ ತಿರುಗಿಸಿ ಕೊಡುತ್ತಾರಲ್ಲ, ಹಾಗೆ. ಕೊನೆಕೊನೆಗೆ ಪ್ರಶ್ನೆಗಳು ಗಿಡ್ಡವಾಗಿ, ಉತ್ತರ ಇನ್ನೂ ಗಿಡ್ಡವಾಗಿ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿ, ಮೂರೇ ನಿಮಿಷಕ್ಕೆ ಮುಗಿದುಹೋಯಿತು. ಮುಳ್ಳು ಎತ್ತಿ ಮತ್ತೆ ಅದೇ ಹಾಡಿಗೆ ಇಟ್ಟೆ. ನಾಲ್ಕು ಸಲ. ಆ ಹಾಡಿನ ಹೆಸರು ‘ಕಿಂಗ್ ಪೋರ್ಟರ್ ಸ್ಟಾಂಪ್’.

ಫೋನಿನಲ್ಲಿ ಹಾಡು ಕೇಳುವಾಗ ನಾವು ಏನನ್ನೂ ಓದುವುದಿಲ್ಲ. ಮುಂದಿನದಕ್ಕೆ ಸರಿಸುತ್ತೇವೆ. ರೆಕಾರ್ಡು ಹಾಕಿದಾಗ ಸರಿಸಲು ಬರುವುದಿಲ್ಲ, ಎದ್ದು ಹೋಗಲೂ ಮನಸ್ಸಾಗುವುದಿಲ್ಲ. ಕೈ ತಾನಾಗಿಯೇ ಕವರ್ ತಿರುಗಿಸುತ್ತದೆ. ಮುಂದುಗಡೆ ಗುಡ್‌ಮನ್‌ನ ಕನ್ನಡಕ, ಕ್ಲಾರಿನೆಟ್, ದೊಡ್ಡಕ್ಷರದಲ್ಲಿ ಹೆಸರು. ಹಿಂದುಗಡೆ ಇರುವೆ ಸಾಲಿನಂಥ ಸಣ್ಣಕ್ಷರ. ಅದರಲ್ಲಿ ಕೆಲವು ಹಾಡುಗಳ ಎದುರು ಒಂದೇ ಹೆಸರು: ಫ್ಲೆಚರ್ ಹೆಂಡರ್ಸನ್. ಹಾಡು ಕಟ್ಟಿದವನಲ್ಲ; ‘ಕಿಂಗ್ ಪೋರ್ಟರ್ ಸ್ಟಾಂಪ್’ ಜೆಲ್ಲಿ ರೋಲ್ ಮಾರ್ಟನ್‌ನದು. ಅದನ್ನು ಇಷ್ಟು ಜನರಿಗೆ ಹಂಚಿಕೊಟ್ಟವನು ಹೆಂಡರ್ಸನ್. ಯಾರು ಯಾವಾಗ ಊದಬೇಕು, ಯಾರು ಸುಮ್ಮನಿರಬೇಕು, ಯಾರಿಗೆ ಒಬ್ಬರೇ ನುಡಿಸಲು ಎಷ್ಟು ಜಾಗ, ಎಲ್ಲವನ್ನೂ ಕಾಗದದ ಮೇಲೆ ಬರೆದವನು. ಅರೇಂಜರ್ ಅನ್ನುತ್ತಾರೆ. ಸಿನಿಮಾ ಸಂಗೀತದಲ್ಲೂ ಅರೇಂಜರ್‌ಗಳಿದ್ದರು, ಅವರ ಹೆಸರೂ ನಮಗೆ ಗೊತ್ತಿಲ್ಲ.

ಸುಮ್ಮನೆ ಕುತೂಹಲಕ್ಕೆ ಈತನ ಬಗ್ಗೆ ಓದಲು ಕುಳಿತೆ. ಮೊದಲ ಹತ್ತು ಸಾಲಿನಲ್ಲೇ ಕೈ ನಿಂತಿತು. ಹೆಂಡರ್ಸನ್ ಕೆಮಿಸ್ಟ್ರಿ ಪದವೀಧರ!

1897ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ ಕಪ್ಪುಜನಾಂಗದ ಹುಡುಗ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ತಾಯಿ ಪಿಯಾನೊ ಕಲಿಸುತ್ತಿದ್ದರು. 1920ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಕೆಮಿಸ್ಟ್ರಿಯಲ್ಲೇ ಮುಂದುವರಿಯಬೇಕೆಂದು ನ್ಯೂಯಾರ್ಕ್‌ಗೆ ಹೋದ. ಕಪ್ಪು ಕೆಮಿಸ್ಟ್‌ಗೆ ಅಲ್ಲಿ ದಾರಿ ಇರಲಿಲ್ಲ. ಹೊಟ್ಟೆಪಾಡಿಗೆ ಸಂಗೀತದ ಹಾಳೆಗಳನ್ನು ಅಚ್ಚು ಮಾಡಿ ಮಾರುವ ಸಂಸ್ಥೆಯೊಂದರಲ್ಲಿ ಸೇರಿಕೊಂಡ. ಕೆಲಸ ಏನೆಂದರೆ, ಬಂದ ಗಿರಾಕಿಗೆ ಹಾಡು ಹೇಗಿದೆ ಎಂದು ಪಿಯಾನೊದಲ್ಲಿ ನುಡಿಸಿ ತೋರಿಸುವುದು. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ತೋರಿಸುತ್ತಾರಲ್ಲ, ಅಂಥ ಕೆಲಸ. ಅಲ್ಲಿಂದ ರೆಕಾರ್ಡ್ ಕಂಪನಿ, ಅಲ್ಲಿಂದ ಸ್ವಂತ ಬ್ಯಾಂಡ್. 1924ರಿಂದ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ ಅವನ ಬ್ಯಾಂಡು ನುಡಿಸುತ್ತಿತ್ತು. ವೇದಿಕೆಯ ಮೇಲೆ ಕಪ್ಪು ವಾದಕರು. ಕೆಳಗೆ ಕುಣಿಯಲು ಬಿಳಿಯರಿಗೆ ಮಾತ್ರ ಪ್ರವೇಶ. ಲೂಯಿ ಆರ್ಮ್‌ಸ್ಟ್ರಾಂಗ್ ಸುಮಾರು ಒಂದು ವರ್ಷ ಇದೇ ಬ್ಯಾಂಡಿನಲ್ಲಿದ್ದ. ಕೋಲ್ಮನ್ ಹಾಕಿನ್ಸ್ ಎಷ್ಟೋ ವರ್ಷ ಇದ್ದ. ಹಿತ್ತಾಳೆ ಒಂದು ಗುಂಪು, ಸ್ಯಾಕ್ಸ್ ಒಂದು ಗುಂಪು, ಮಧ್ಯೆ ಒಬ್ಬ ಒಂಟಿ ವಾದಕ ಎಂಬ ಈ ಜಗಳದಂಥ ಸಂಭಾಷಣೆಯನ್ನು ಡಾನ್ ರೆಡ್‌ಮನ್ ಮತ್ತು ಹೆಂಡರ್ಸನ್ ಅಲ್ಲೇ ರೂಢಿಗೆ ತಂದರು.

ವ್ಯವಹಾರ ಮಾತ್ರ ಅವನ ಕೈ ಹಿಡಿಯಲಿಲ್ಲ. ಆರ್ಥಿಕ ಕುಸಿತದ ವರ್ಷಗಳು. 1934ರಲ್ಲಿ ಬ್ಯಾಂಡು ಮುರಿಯಿತು. ಅದೇ ಹೊತ್ತಿಗೆ ಗುಡ್‌ಮನ್ ಎಂಬ ಬಿಳಿಯ ತರುಣನಿಗೆ ‘ಲೆಟ್ಸ್ ಡಾನ್ಸ್’ ಎಂಬ ರೇಡಿಯೊ ಕಾರ್ಯಕ್ರಮ ಸಿಕ್ಕಿತ್ತು, ವಾರವಾರವೂ ಹೊಸ ಅರೇಂಜ್‌ಮೆಂಟ್ ಬೇಕಿತ್ತು. ಹೆಂಡರ್ಸನ್ ತನ್ನವನ್ನು ಮಾರಿದ.

ಮುಂದಿನದು ಜಾಜ್ ಚರಿತ್ರೆಯ ಪುಸ್ತಕಗಳೆಲ್ಲ ಹೇಳುವ ಕಥೆ. 1935ರ ಬೇಸಿಗೆಯಲ್ಲಿ ಗುಡ್‌ಮನ್ ತಂಡ ಬಸ್ಸು, ಕಾರುಗಳಲ್ಲಿ ದೇಶ ಸುತ್ತುತ್ತ ಹೋಯಿತು. ಹಲವು ಊರುಗಳಲ್ಲಿ ಜನ ತಣ್ಣಗೆ ನಿಂತರು. ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪಾಲೊಮಾರ್ ಬಾಲ್‌ರೂಮಿನಲ್ಲಿ ಹೆದರಿಕೊಂಡೇ ಮೆತ್ತನೆಯ ಹಾಡುಗಳಿಂದ ಆರಂಭಿಸಿದರು. ಯಾರೂ ಅಲುಗಾಡಲಿಲ್ಲ. ಹೇಗೂ ಮುಳುಗುವುದೇ ಆದರೆ ಇಷ್ಟವಾದದ್ದನ್ನೇ ನುಡಿಸಿ ಮುಳುಗೋಣ ಎಂದು ಹೆಂಡರ್ಸನ್ ಬರೆದ ಹಾಳೆಗಳನ್ನು ತೆಗೆದರು. ಹುಡುಗರು ಕುಣಿಯುವುದನ್ನೂ ಬಿಟ್ಟು ವೇದಿಕೆಗೆ ಮುತ್ತಿಕೊಂಡರು. ಬಿಗ್ ಬ್ಯಾಂಡ್‌ಗಳ ಸ್ವಿಂಗ್ ಯುಗ ಶುರುವಾದದ್ದು ಆ ರಾತ್ರಿಯಿಂದ ಎನ್ನುತ್ತಾರೆ. ಇದರ ಹಿಂದೆ ಗಡಿಯಾರದ ಆಟವೂ ಇತ್ತು. ನ್ಯೂಯಾರ್ಕ್‌ನಲ್ಲಿ ಆ ರೇಡಿಯೊ ಕಾರ್ಯಕ್ರಮ ಬರುತ್ತಿದ್ದದ್ದು ತೀರಾ ತಡರಾತ್ರಿ. ಮೂರು ಗಂಟೆ ಹಿಂದಿರುವ ಕ್ಯಾಲಿಫೋರ್ನಿಯಾದಲ್ಲಿ ಅದು ಹುಡುಗರು ಎಚ್ಚರವಿರುವ ಹೊತ್ತು. ಅವರಿಗೆ ಹಾಡುಗಳು ಮೊದಲೇ ಬಾಯಿಪಾಠವಾಗಿದ್ದವು.

ಗುಡ್‌ಮನ್‌ನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಆತ ಹೆಂಡರ್ಸನ್‌ನ ಋಣವನ್ನು ಮುಚ್ಚಿಡಲಿಲ್ಲ. ಕಪ್ಪು ಪಿಯಾನೊ ವಾದಕ ಟೆಡ್ಡಿ ವಿಲ್ಸನ್‌ನನ್ನು 1936ರಷ್ಟು ಹಿಂದೆಯೇ ವೇದಿಕೆಯ ಮೇಲೆ ತನ್ನ ಜೊತೆ ಕೂರಿಸಿಕೊಂಡ. ಆದರೂ ಒಂದು ವಿಷಯ ನನ್ನನ್ನು ಬಿಡಲಿಲ್ಲ. 1939ರಲ್ಲಿ ಹೆಂಡರ್ಸನ್ ಗುಡ್‌ಮನ್ ಬ್ಯಾಂಡಿನಲ್ಲಿ ಸಂಬಳಕ್ಕೆ ಪಿಯಾನೊ ನುಡಿಸುತ್ತಿದ್ದ. 1950ರಲ್ಲಿ ಪಾರ್ಶ್ವವಾಯು ಬಡಿಯಿತು, 1952ರಲ್ಲಿ ತೀರಿಕೊಂಡ. 1961ರಲ್ಲಿ ಅವನ ಹಳೆಯ ರೆಕಾರ್ಡುಗಳನ್ನು ಸೇರಿಸಿ ನಾಲ್ಕು ಎಲ್‌ಪಿಗಳ ಪೆಟ್ಟಿಗೆ ಹೊರತಂದರು. ಅದರ ಹೆಸರು ‘ಎ ಸ್ಟಡಿ ಇನ್ ಫ್ರಸ್ಟ್ರೇಷನ್’. ಅವತ್ತು ಮಧ್ಯಾಹ್ನವಷ್ಟೇ ಒಂದು ಕಂಪನಿಯಿಂದ ‘ತಿಳಿಸುತ್ತೇವೆ’ ಎಂಬ ಮಾತು ಕೇಳಿ ಬಂದಿದ್ದ ನಾನು ಆ ಹೆಸರು ಓದಿ ಜೋರಾಗಿ ನಕ್ಕೆ. ಆಮೇಲೆ ನಾಚಿಕೆಯಾಯಿತು. ಅವನ ಮುಂದಿದ್ದ ಗೋಡೆ ಬೇರೆ, ನನ್ನ ಮುಂದಿರುವುದು ಬೇರೆ. ನನಗೆ ‘ಅನುಭವವಿಲ್ಲ’ ಎನ್ನುತ್ತಾರೆ. ಅವನ ಬಣ್ಣ ನೋಡಿದ ಮೇಲೆ ಅನುಭವ ಕೇಳುವ ಪ್ರಶ್ನೆಯೇ ಇರಲಿಲ್ಲ. ಹೋಲಿಸಿಕೊಳ್ಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ಆ ರಾತ್ರಿ ಅವನ 1928ರ ‘ಕಿಂಗ್ ಪೋರ್ಟರ್’, 1932ರ ‘ಕಿಂಗ್ ಪೋರ್ಟರ್’, ಗುಡ್‌ಮನ್‌ನ 1935ರದ್ದು, ಮೂರನ್ನೂ ಒಂದರ ಹಿಂದೆ ಒಂದು ಕೇಳಿದೆ. ಮೊದಲೆರಡು ಫೋನಿನಲ್ಲಿ, ಮೂರನೆಯದು ಫಿಯೆಸ್ಟಾದಲ್ಲಿ. ಗುಡ್‌ಮನ್‌ನದು ಇಸ್ತ್ರಿ ಮಾಡಿದ ಅಂಗಿ. ಹೆಂಡರ್ಸನ್‌ನದು ಬೆವರಿದ ಅಂಗಿ. ನನಗೆ ಇಷ್ಟವಾದದ್ದು ಎರಡನೆಯದು.

ಇನ್ನು ನನ್ನ ಪೆದ್ದುತನದ ಕಥೆ. ಎಲ್‌ಪಿಗಳಲ್ಲಿ ದಶಕಗಳ ಧೂಳಿತ್ತು. ಮೆಡಿಕಲ್ ಸ್ಟೋರಿನಿಂದ ಸರ್ಜಿಕಲ್ ಸ್ಪಿರಿಟ್ ತಂದು, ಹತ್ತಿಯಲ್ಲಿ ಅದ್ದಿ ಸವರಿದೆ. ಚೆನ್ನಾಗಿಯೇ ಹೊಳೆದವು. ಅದೇ ಉತ್ಸಾಹದಲ್ಲಿ 78ರ ಪ್ಲೇಟೊಂದನ್ನು ಎತ್ತಿಕೊಂಡೆ. ಗ್ಲೆನ್ ಮಿಲ್ಲರ್‌ನ ‘ಇನ್ ದ ಮೂಡ್’, 1939ರ ಧ್ವನಿಮುದ್ರಣ. ಎರಡು ಸುತ್ತು ಒರೆಸುವಷ್ಟರಲ್ಲಿ ಹತ್ತಿ ಕಪ್ಪಾಯಿತು. ಧೂಳು ಎಷ್ಟಿದೆ ನೋಡು ಎಂದು ಇನ್ನೂ ಒರೆಸಿದೆ. ಒಣಗಿದ ಮೇಲೆ ನೋಡಿದರೆ ಹೊಳಪು ಹೋಗಿ, ಗೆರೆಗಳು ಮಸುಕಾಗಿ, ಪ್ಲೇಟು ಬೂದುಬಣ್ಣಕ್ಕೆ ತಿರುಗಿತ್ತು. ಮುಳ್ಳಿಟ್ಟರೆ ಉಸ್ಸೆಂಬ ಸದ್ದು ಬಿಟ್ಟು ಬೇರೇನಿಲ್ಲ.

ಎಲ್‌ಪಿ ಎಂದರೆ ವಿನೈಲ್, ಪಿವಿಸಿ ಕುಟುಂಬದ ಪ್ಲಾಸ್ಟಿಕ್. ಸ್ವಲ್ಪ ಸ್ಪಿರಿಟ್ ತಡೆದುಕೊಳ್ಳುತ್ತದೆ. ಹಳೆಯ 78 ಎಂದರೆ ಶೆಲ್ಯಾಕ್. ಶೆಲ್ಯಾಕ್ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಹಾಕಲು ಮಾಡುವುದೇ ಅದನ್ನು. ಎಂಎಸ್ಸಿಯಲ್ಲಿ ರಾಳಗಳ ಪಾಠ ಓದಿ ಅಂಕ ತೆಗೆದವಳು ನಾನು! ಶೆಲ್ಯಾಕ್ ಅಂದರೆ ಇನ್ನೇನಲ್ಲ, ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿಸಿದ್ದು ಇದರಲ್ಲೇ. ನಮ್ಮ ತಾತ ಅರವತ್ತು ವರ್ಷ ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚಿದ್ದೂ ಇದನ್ನೇ. ನಾನು ಬೆಳೆದದ್ದು ಅರಗಿನ ವಾಸನೆಯಲ್ಲಿ, ಮೂಗಿನ ಮುಂದೆ ಅದೇ ಪದಾರ್ಥ ಇದ್ದರೂ ಗುರುತು ಹತ್ತಲಿಲ್ಲ.

ಪ್ಲೇಟು ಹಾಳಾದ ಸಂಕಟಕ್ಕೆ ಅದರ ಹಿಂದೆ ಬಿದ್ದೆ. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟ ಕಟ್ಟುವ ಅಂಟೇ ಅರಗು. ಜಗತ್ತಿಗೆ ಅದನ್ನು ಹೆಚ್ಚಾಗಿ ಕೊಡುತ್ತಿದ್ದದ್ದು ಭಾರತ, ಅದರಲ್ಲೂ ಛೋಟಾ ನಾಗಪುರದ ಕಾಡುಗಳು. ಎಲಿಂಗ್ಟನ್, ಬೇಸಿ, ಗುಡ್‌ಮನ್, ಮಿಲ್ಲರ್ ಎಲ್ಲರ ಸದ್ದು ಮೊದಲು ಕೂತದ್ದು ಈ ಅರಗಿನ ಮೇಲೆ. ಎರಡನೇ ಮಹಾಯುದ್ಧದಲ್ಲಿ ಹಡಗು ಸಂಚಾರ ಕಷ್ಟವಾಗಿ ಅರಗಿಗೆ ಬರ ಬಂತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡುಗಳಿಗೆ ಬಳಸುವ ಶೆಲ್ಯಾಕ್ ಅನ್ನು ಶೇ 70ರಷ್ಟು ಕಡಿತ ಮಾಡಿತು. ಹಳೆಯ ಪ್ಲೇಟುಗಳನ್ನು ಸಂಗ್ರಹಿಸಿ, ಅರೆದು, ಹೊಸದಕ್ಕೆ ಬೆರೆಸಿದರು. ಸೈನಿಕರಿಗಾಗಿ 1943ರಿಂದ ತಯಾರಾದ ‘ವಿ-ಡಿಸ್ಕ್’ಗಳಿಗೆ ವಿನೈಲ್ ಬಳಸತೊಡಗಿದರು, ಅದು ಸುಲಭಕ್ಕೆ ಒಡೆಯುತ್ತಲೂ ಇರಲಿಲ್ಲ. ಆ ವರ್ಷವೇ ನಮ್ಮ ಬೆಂಗಳೂರಿನ ಎಚ್‌ಎಎಲ್ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ಕಂಟೋನ್ಮೆಂಟಿನ ಮನೆಗಳಲ್ಲಿ ಇಂಥ ರೆಕಾರ್ಡುಗಳು ಸಿಗುವುದರಲ್ಲಿ ಆಶ್ಚರ್ಯವೇನಿಲ್ಲ ಅನ್ನಿಸಿತು. 1948ರಲ್ಲಿ ವಿನೈಲ್‌ನ ಎಲ್‌ಪಿ ಬಂತು, ಅರಗಿನ ಕಾಲ ನಿಧಾನಕ್ಕೆ ಮುಗಿಯಿತು.

ಅದೇ 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ ರೆಕಾರ್ಡಿಂಗ್ ಮಾಡುವುದನ್ನೇ ನಿಲ್ಲಿಸಿತು. ರೇಡಿಯೊ, ಜೂಕ್‌ಬಾಕ್ಸ್‌ಗಳಲ್ಲಿ ರೆಕಾರ್ಡು ಹಾಕಿದರೆ ಜೀವಂತ ವಾದಕರಿಗೆ ಕೆಲಸ ಎಲ್ಲಿ ಎಂಬ ಸಿಟ್ಟು. ದೊಡ್ಡ ಕಂಪನಿಗಳ ಜೊತೆ ರಾಜಿಯಾಗಲು 1944ರ ನವೆಂಬರ್ ಆಯಿತು. ಈಗ ನಾವು ಹಾಸ್ಟೆಲ್, ಪಿಜಿಗಳಲ್ಲಿ ಕೂತು ಎಐ ಬಗ್ಗೆ ಚರ್ಚಿಸುತ್ತೇವಲ್ಲ, ಅದೇ ಮಾತು. ಅವರ ಎಐ ಈ ಕಪ್ಪು ತಟ್ಟೆ.

ಈಗ ನನ್ನ ಬಳಿ 23 ಎಲ್‌ಪಿ ಇವೆ. ಹೊಸದಾಗಿ ಅಚ್ಚಾದ ದುಬಾರಿ ರೆಕಾರ್ಡುಗಳ ತಂಟೆಗೆ ಹೋಗಿಲ್ಲ. ತಿಂಗಳಿಗೆ ಒಂದು ಭಾನುವಾರ, ಇನ್ನೂರು ರೂಪಾಯಿ ಮಿತಿ. ಶುರು ಮಾಡುವವರಿಗೆ ಹೇಳುವುದಾದರೆ, ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೀರು ಕಣ್ಣಿಗೆ ಕಂಡು ಉಗುರಿಗೆ ತಾಗದಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಬಾಗಿದ್ದು ಬೇಡ. 78ಕ್ಕೆ ಅಗಲ ಗೆರೆ, ಅದಕ್ಕೆ ಬೇರೆ ಮುಳ್ಳು. ಎಲ್‌ಪಿಯ ಮುಳ್ಳಿಟ್ಟು ಎರಡನ್ನೂ ಕೆಡಿಸಬೇಡಿ. ಸ್ಪಿರಿಟ್ ವಿಷಯ ಮತ್ತೆ ಹೇಳಬೇಕಿಲ್ಲ.

ಗ್ಲೆನ್ ಮಿಲ್ಲರ್ ನನಗೀಗ ಸ್ವಲ್ಪ ಸಕ್ಕರೆ ಜಾಸ್ತಿ ಅನಿಸುತ್ತಾನೆ. ಕೌಂಟ್ ಬೇಸಿ ಇಷ್ಟ. ಇಡೀ ಬ್ಯಾಂಡು ಗುಡುಗುತ್ತಿರುವಾಗ ಪಿಯಾನೊದಲ್ಲಿ ಎರಡೇ ಎರಡು ಸ್ವರ ಇಟ್ಟು ಸುಮ್ಮನಾಗುತ್ತಾನೆ. ಅವನ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಎಂಬ ಗಿಟಾರ್ ವಾದಕನಿದ್ದ. 1937ರಲ್ಲಿ ಸೇರಿದವನು 1987ರಲ್ಲಿ ಸಾಯುವವರೆಗೂ ಅದೇ ಬ್ಯಾಂಡಿನ ಜೊತೆಗಿದ್ದ. ಒಬ್ಬನೇ ಮುಂದೆ ಬಂದು ನುಡಿಸಿದ್ದು ತೀರಾ ಅಪರೂಪ. ಮೊದಲ ಸಲ ಕೇಳಿದರೆ ಗಿಟಾರ್ ಇದೆಯೆಂದೇ ಗೊತ್ತಾಗುವುದಿಲ್ಲ. ಅದನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ಡ್ರಮ್ಮಿನ ಕೆಳಗೆ, ಎದೆಬಡಿತದ ಹಾಗೆ, ನಾಲ್ಕು ನಾಲ್ಕು ಹೆಜ್ಜೆ. ಸಿಕ್ಕಿದ ದಿನ ಬಸ್ಸಿನಲ್ಲೂ ಅದೇ ಕೇಳಿಸುತ್ತಿತ್ತು.

ಮೊನ್ನೆ ಯುಗಾದಿಗೆ ಫಿಯೆಸ್ಟಾವನ್ನೂ ಹಾಳಾದ ಮಿಲ್ಲರ್‌ನನ್ನೂ ರೈಲಿನಲ್ಲಿ ಊರಿಗೆ ಒಯ್ದೆ. ತಾತನಿಗೆ ಈಗ ಕಣ್ಣು ಮಂಜು, ಆದರೂ ದಿನಕ್ಕೆ ಒಂದು ಗಂಟೆ ಪಟ್ಟಡಿಯಲ್ಲಿ ಕೂರುತ್ತಾರೆ. ಪ್ಲೇಟನ್ನು ಮೂಸಿದರು, ಅಂಚನ್ನು ಉಗುರಿನಿಂದ ಕೆರೆದರು. ‘ಅರಗು’ ಅಂದರು, ನಾನು ಹೇಳುವ ಮೊದಲೇ. ಒಂದು ಚೂರು ಮುರಿದು, ತಿರುಗುತ್ತಿದ್ದ ಹಾಲೆ ಮರದ ತುಂಡಿಗೆ ಒತ್ತಿದರು. ಒಳ್ಳೆಯ ಅರಗಾಗಿದ್ದರೆ ಬಿಸಿಗೆ ಕರಗಿ ಬಣ್ಣ ಹತ್ತಬೇಕು. ಇದು ಮರದ ಮೇಲೆ ಗೀರು ಎಳೆಯಿತು.

‘ಇದ್ರಲ್ಲಿ ಕಲ್ಲು ಬೆರೆಸವ್ರೆ ಕಣವ್ವ. ಮೋಸ.’

ಮೋಸವಲ್ಲ, ಬೇಕೆಂದೇ ಕಲ್ಲಿನ ಪುಡಿ ಹಾಕುತ್ತಿದ್ದರು, ಹಳೇ ಕಾಲದ ಉಕ್ಕಿನ ಮುಳ್ಳು ಗೆರೆಗೆ ತಕ್ಕಂತೆ ಸವೆದು ಕೂರಲಿ ಅಂತ ಎಂದು ವಿವರಿಸಿದೆ. ತಾತ ಒಪ್ಪಿದ ಹಾಗೆ ಕಾಣಲಿಲ್ಲ. ‘ಹಾಡು ಹಾಕು, ನೋಡವ’ ಅಂದರು.

ಗುಡ್‌ಮನ್‌ನ ‘ಕಿಂಗ್ ಪೋರ್ಟರ್’ ಹಾಕಿದೆ. ತಾತ ಕಣ್ಣು ಮುಚ್ಚಿ, ಕೈಯಲ್ಲಿ ತಾಳೆಗರಿ ಹಿಡಿದುಕೊಂಡೇ ಕೇಳಿದರು.

‘ಎಷ್ಟು ಜನ ಊದ್ತಾವ್ರೆ?’

‘ಡೋಲು, ಪಿಯಾನೊ ಎಲ್ಲಾ ಸೇರಿ 14 ಜನ ತಾತ.’

‘ಅಷ್ಟ್ ಜನಕ್ಕೂ ಕೂಲಿ ಸಿಕ್ತಿತ್ತಾ?’

‘ಸಿಕ್ತಿತ್ತು.’

‘ಬರಕೊಟ್ಟನು ಬೇರೆ ಯಾರೋ ಅಂದ್ಯಲ್ಲ, ಅವನ್ಗೆ?’

ಹೆಂಡರ್ಸನ್‌ನ ಕಥೆ ಹೇಳಿದೆ. ಕೆಮಿಸ್ಟ್ರಿ ಓದಿದ್ದನ್ನೂ ಹೇಳಿದೆ. ತಾತ ನನ್ನ ಮುಖ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ. ಅವರು ಮಾಡಿದ ಗೊಂಬೆಗಳು ಎಲ್ಲೆಲ್ಲಿಗೋ ಹೋಗಿವೆ, ಯಾವುದರ ಮೇಲೂ ಅವರ ಹೆಸರಿಲ್ಲ. ಅಷ್ಟರಲ್ಲಿ ರೆಕಾರ್ಡು ಮುಗಿದು ಮುಳ್ಳು ನಡುವೆ ಟಕ್ ಟಕ್ ಎನ್ನುತ್ತಿತ್ತು.

‘ಆ ಮಗ್ಗುಲಲ್ಲಿ ಏನೈತೆ? ಅದ್ನೂ ಹಾಕು’ ಅಂದರು.